ಯಾರ ಮೇಜಿನ ಮೇಲೆ ಯಾವ ಗಣಕ

ಲೆಕ್ಕಪರಿಶೋಧಕರ ಕಚೇರಿಯೊಂದನ್ನೂ, ಹಾಡುಗಳನ್ನು ಧ್ವನಿಮುದ್ರಿಸುವ ಸ್ಟುಡಿಯೋ ಒಂದನ್ನೂ, ಖಗೋಳವಿಜ್ಞಾನಿಗಳ ಸಂಶೋಧನಾಲಯವೊಂದನ್ನೂ, ಹಳ್ಳಿಯ ಆರೋಗ್ಯ ಉಪಕೇಂದ್ರವೊಂದನ್ನೂ ಒಂದರ ಬೆನ್ನಿಗೊಂದರಂತೆ ನೋಡುತ್ತ ಹೋದವರಿಗೆ, ಗಣಕವೆಂದು ನಾವು ಒಂದೇ ಹೆಸರಿನಿಂದ ಕರೆಯುವ ವಸ್ತುವು ಆ ನಾಲ್ಕೆಡೆಗಳಲ್ಲಿ ನಾಲ್ಕು ಬೇರೆ ಬೇರೆ ಕುಲಗಳಿಗೆ ಸೇರಿದುದೆಂಬುದು ಬಹು ಬೇಗ ಗೋಚರವಾಗುತ್ತದೆ. ಮೊದಲನೆಯ ಕಡೆ ಸಾಮಾನ್ಯವಾಗಿ ಮೈಕ್ರೋಸಾಫ್ಟಿನ ವಿಂಡೋಸ್, ಎರಡನೆಯ ಕಡೆ ಆಪಲ್ ಸಂಸ್ಥೆಯ ಮ್ಯಾಕ್, ಮೂರನೆಯ ಕಡೆ ಲಿನಕ್ಸ್, ನಾಲ್ಕನೆಯ ಕಡೆ ಆಂಡ್ರಾಯ್ಡ್ ಟ್ಯಾಬ್ಲೆಟ್. ಈ ಭೇದಕ್ಕೆ ಲೋಕವು ವಾಡಿಕೆಯಾಗಿ ಹೇಳುವ ಕಾರಣ ಸ್ವಭಾವದ್ದು: ಕಲಾವಿದನು ಸೌಂದರ್ಯಪ್ರಿಯ, ಲೆಕ್ಕಿಗನು ಮಿತವ್ಯಯಿ, ವಿಜ್ಞಾನಿಯು ಯಂತ್ರದ ಒಡಲನ್ನು ಬಿಚ್ಚಿ ನೋಡುವ ಕುತೂಹಲಿ, ಆದುದರಿಂದ ಅವರವರಿಗೆ ತಕ್ಕ ಯಂತ್ರ ಅವರವರಿಗೆ ಒಲಿದಿದೆಯೆಂದು. ಕೇಳುವುದಕ್ಕೆ ಹಿತವಾದ ಈ ವಿವರಣೆ ಚರಿತ್ರೆಯ ಮುಂದೆ ನಿಲ್ಲಲಾರದು. ಒಂದು ವೃತ್ತಿಯವರು ಗಣಕವನ್ನು ಮೊದಲು ಮುಟ್ಟಿದ ಕಾಲದಲ್ಲಿ ಅವರ ಕೆಲಸಕ್ಕೆ ಒದಗಿಬಂದ ತಂತ್ರಾಂಶ ಯಾವುದು, ಆ ತಂತ್ರಾಂಶ ಯಾವ ಯಂತ್ರದಲ್ಲಿ ನಡೆಯುತ್ತಿತ್ತು, ಮಾಡಿದ ಕೆಲಸವನ್ನು ಅವರು ಯಾರ ಕೈಗೆ ದಾಟಿಸಬೇಕಾಗಿತ್ತು, ಯಂತ್ರಕ್ಕೆ ಹಣ ತೆತ್ತವರು ಯಾರು ಎಂಬುದನ್ನು ವಿಚಾರಿಸಿದರೆ, ಸ್ವಭಾವದ ಮಾತನ್ನೆತ್ತದೆಯೇ ಬಹುಭಾಗ ವಿಷಯ ಸ್ಪಷ್ಟವಾಗುತ್ತದೆ.

ಲೆಕ್ಕದವರ ಉದಾಹರಣೆಯನ್ನೇ ನೋಡಬಹುದು. 1979ರಲ್ಲಿ ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ವಿಸಿಕ್ಯಾಲ್ಕ್ ಎಂಬ ತಂತ್ರಾಂಶವನ್ನು ಹೊರತಂದರು. ಅಡ್ಡಸಾಲು ಕಂಬಸಾಲುಗಳ ಲೆಕ್ಕದ ಹಾಳೆಯಲ್ಲಿ ಒಂದು ಅಂಕಿಯನ್ನು ಬದಲಿಸಿದೊಡನೆ ಅದನ್ನು ಅವಲಂಬಿಸಿದ ಎಲ್ಲ ಮೊತ್ತಗಳೂ ತಾವಾಗಿಯೇ ಬದಲಾಗುವ ಆ ಸೌಕರ್ಯವನ್ನು ಕಂಡು, ಅದುವರೆಗೆ ಗಣಕವೆಂದರೆ ದೂರ ನಿಲ್ಲುತ್ತಿದ್ದ ವ್ಯಾಪಾರಿಗಳೂ ಲೆಕ್ಕಿಗರೂ ಅಂಗಡಿಗೆ ಹೋಗಿ ಯಂತ್ರವನ್ನು ಕೊಂಡರು. ಅವರು ಕೊಂಡ ಯಂತ್ರ ಆಪಲ್ ಸಂಸ್ಥೆಯದು, ಏಕೆಂದರೆ ವಿಸಿಕ್ಯಾಲ್ಕ್ ಮೊದಮೊದಲು ನಡೆಯುತ್ತಿದ್ದುದು ಆಪಲ್-2ರಲ್ಲಿ ಮಾತ್ರ. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರಡಿಸಿ, 1983ರಲ್ಲಿ ಲೋಟಸ್ 1-2-3 ಎಂಬ ಇನ್ನೂ ಚುರುಕಾದ ತಂತ್ರಾಂಶ ಆ ಯಂತ್ರಕ್ಕಾಗಿಯೇ ಬಂದಾಗ, ಅದೇ ಲೆಕ್ಕಿಗರು ಹಿಂದುಮುಂದು ನೋಡದೆ ಆ ಕಡೆಗೆ ನಡೆದರು. ಇಂದು ವಿಂಡೋಸಿನ ಪ್ರಾಣವೆಂದು ಹಣಕಾಸಿನ ಲೋಕ ಭಾವಿಸುವ ಎಕ್ಸೆಲ್ ಸಹ 1985ರಲ್ಲಿ ಹುಟ್ಟಿದ್ದು ಮ್ಯಾಕಿಗಾಗಿ. ವಿಂಡೋಸಿಗೆ ಅದು ಬಂದುದು ಎರಡು ವರ್ಷಗಳ ತರುವಾಯ. ನಾಲ್ಕು ವರ್ಷಗಳ ಅವಧಿಯಲ್ಲಿ ಒಂದು ಇಡೀ ವೃತ್ತಿಯ ಸ್ವಭಾವ ಬದಲಾಯಿತೆಂದು ಯಾರೂ ಹೇಳಲಾರರು. ಬದಲಾದುದು ಕೆಲಸದ ಉಪಕರಣ. ಯಂತ್ರವು ಅದರ ಹಿಂದೆ ಹೋಯಿತು.

ನಮ್ಮ ದೇಶದಲ್ಲಿ ಈ ಕಥೆಗೆ ಬೆಂಗಳೂರಿನದೇ ಒಂದು ಅಧ್ಯಾಯ ಸೇರಿದೆ. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಸಂಸ್ಥೆಯಿಂದ ಬಂದ ಟ್ಯಾಲಿಯು ಪೇಟೆಯ ಜವಳಿ ಅಂಗಡಿಯಿಂದ ಹಿಡಿದು ಅಡಿಕೆ ಮಂಡಿಯವರೆಗೆ ಲೆಕ್ಕ ಬರೆಯುವವರ ನಿತ್ಯಸಾಧನವಾಯಿತು. ಅದು ಮೊದಲು ಡಾಸ್‌ನಲ್ಲಿಯೂ ಆಮೇಲೆ ವಿಂಡೋಸಿನಲ್ಲಿಯೂ ನಡೆದುದರಿಂದ, ಅಂಗಡಿಕಾರನು ವರ್ಷಾಂತ್ಯದಲ್ಲಿ ತನ್ನ ಟ್ಯಾಲಿ ಕಡತವನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಾಗ ಅದನ್ನು ತೆರೆದು ನೋಡಬೇಕಾದ ಲೆಕ್ಕಪರಿಶೋಧಕರಿಗೆ ಬೇರೊಂದು ಯಂತ್ರವನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯ ಹೆಸರಿಗಷ್ಟೇ ಉಳಿಯಿತು. ಡಿಜಿಟಲ್ ಸಹಿಯ ಟೋಕನ್ ಯಾವ ಯಂತ್ರದಲ್ಲಿ ತಕರಾರಿಲ್ಲದೆ ಕೆಲಸ ಮಾಡುತ್ತದೆಂಬ ಪ್ರಶ್ನೆಯೂ ತೆರಿಗೆಯ ಕೊನೆಯ ದಿನಾಂಕ ಹತ್ತಿರವಾದಾಗ ಸಣ್ಣದಾಗಿರುವುದಿಲ್ಲ.

ಈ ನಿಯಮ ಅತ್ಯಂತ ಸ್ಫುಟವಾಗಿ ಕಾಣುವುದು ಮುದ್ರಣದ ವೃತ್ತಿಯಲ್ಲಿ. 1984ರ ಜನವರಿಯಲ್ಲಿ ಮ್ಯಾಕಿಂತೋಷ್ ಹೊರಬಂದಾಗ ಅದನ್ನು ಮೆಚ್ಚಿದವರು ಬಹುಮಂದಿ. ಅದರಿಂದ ಏನು ಕೆಲಸ ಮಾಡಿಸಿಕೊಳ್ಳಬೇಕೆಂದು ತಿಳಿದವರು ಕಡಮೆ. ಮರುವರ್ಷ ಮೂರು ಸಂಗತಿಗಳು ಒಟ್ಟಿಗೆ ಕೂಡಿಬಂದುವು. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ ಸ್ಥಾಪಿಸಿದ ಅಡೋಬಿ ಸಂಸ್ಥೆಯು ಅಕ್ಷರಗಳನ್ನೂ ರೇಖೆಗಳನ್ನೂ ಗಣಿತದ ಮಾತಿನಲ್ಲಿ ಮುದ್ರಕಕ್ಕೆ ತಿಳಿಸುವ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ರೂಪಿಸಿತ್ತು. ಆಪಲ್ ಆ ಭಾಷೆಯನ್ನು ಬಲ್ಲ ಲೇಸರ್‌ರೈಟರ್ ಮುದ್ರಕವನ್ನು ತಂದಿತು. ಹಿಂದೆ ಪತ್ರಿಕೆಗಳ ಅಕ್ಷರಜೋಡಣೆಯ ವ್ಯವಸ್ಥೆಗಳಲ್ಲಿ ದುಡಿದು ಅನುಭವವಿದ್ದ ಪಾಲ್ ಬ್ರೇನರ್ಡ್ ಎಂಬವರು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶವನ್ನು ಕೊಟ್ಟರು. ಹದಿನೈದನೆಯ ಶತಮಾನದ ವೆನಿಸ್ ನಗರದಲ್ಲಿ ಗ್ರೀಕ್ ಕೃತಿಗಳನ್ನು ಅಚ್ಚುಹಾಕಿ ಖ್ಯಾತನಾದ ಆಲ್ಡಸ್ ಮನುಷಿಯಸ್‌ನ ಹೆಸರನ್ನು ಬ್ರೇನರ್ಡ್ ತಮ್ಮ ಸಂಸ್ಥೆಗೆ ಇಟ್ಟುದರಲ್ಲಿಯೇ ಅವರ ಶ್ರದ್ಧೆ ಎಂಥದೆಂಬುದು ಕಾಣುತ್ತದೆ. ಲೇಸರ್‌ರೈಟರಿನ ಬೆಲೆ ಏಳು ಸಾವಿರ ಡಾಲರಿನಷ್ಟಿತ್ತು, ನಿಜ. ಆದರೆ ಹಲವು ಮ್ಯಾಕ್‌ಗಳು ಅದೊಂದನ್ನೇ ಹಂಚಿಕೊಳ್ಳಬಹುದಾಗಿತ್ತು, ಮತ್ತು ಅದುವರೆಗಿನ ಫೋಟೋಟೈಪ್‌ಸೆಟ್ಟಿಂಗ್ ಯಂತ್ರಗಳ ಬೆಲೆಯ ಪಕ್ಕದಲ್ಲಿಟ್ಟರೆ ಅದು ಅಗ್ಗವೆನಿಸುತ್ತಿತ್ತು. ಅನಂತರ 1987ರಲ್ಲಿ ಇಲಸ್ಟ್ರೇಟರ್ ಮತ್ತು ಕ್ವಾರ್ಕ್‌ಎಕ್ಸ್‌ಪ್ರೆಸ್, 1990ರಲ್ಲಿ ಫೋಟೋಶಾಪ್, ಇವೆಲ್ಲ ಮೊದಲು ಮ್ಯಾಕಿಗೇ ಬಂದುವು. ವಿಂಡೋಸಿನಲ್ಲಿ ಇವು ದೊರೆಯುವಷ್ಟರಲ್ಲಿ, ಪಾಶ್ಚಾತ್ಯ ದೇಶಗಳ ಮುದ್ರಣಾಲಯಗಳೂ ಜಾಹೀರಾತು ಸಂಸ್ಥೆಗಳೂ ತಮ್ಮ ಅಕ್ಷರರೂಪಗಳ ಸಂಗ್ರಹವನ್ನು ಮ್ಯಾಕಿಗಾಗಿ ಕೊಂಡಾಗಿತ್ತು. ಹೊಸದಾಗಿ ಸೇರಿದ ವಿನ್ಯಾಸಕನು ವಿಂಡೋಸಿನ ಕಡತವನ್ನು ತಂದರೆ ಅಕ್ಷರಗಳು ಪಲ್ಲಟವಾಗಿ ಪುಟವೇ ಕದಲುತ್ತಿತ್ತು. ಕಲಾವಿದರಿಗೆ ಮ್ಯಾಕ್ ಪ್ರಿಯವೆಂಬ ಮಾತಿನ ಮೂಲ ಇದು.

ಆದರೆ ಅದೇ ವೃತ್ತಿ ಕನ್ನಡ ನಾಡಿನಲ್ಲಿ ಬೇರೆ ದಾರಿ ಹಿಡಿಯಿತು. ಮೊಳೆ ಜೋಡಿಸುವ ಕಾಲ ಮುಗಿದು ಡಿಟಿಪಿಯ ಕಾಲ ಬಂದಾಗ, ಬೆಂಗಳೂರಿನಲ್ಲಿಯೂ ಜಿಲ್ಲಾಕೇಂದ್ರಗಳಲ್ಲಿಯೂ ಹುಟ್ಟಿಕೊಂಡ ಸಣ್ಣ ಅಕ್ಷರಜೋಡಣೆಯ ಅಂಗಡಿಗಳಿಗೆ ಆಮದಿನ ಸುಂಕ ಹೊತ್ತು ಬರುವ ಮ್ಯಾಕ್ ಎಟುಕುವಂತಿರಲಿಲ್ಲ, ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿಕೊಟ್ಟ ಯಂತ್ರ ಅದರ ಬೆಲೆಯ ಅಲ್ಪಾಂಶಕ್ಕೆ ದೊರೆಯುತ್ತಿತ್ತು. ಬೆಲೆಗಿಂತಲೂ ಬಲವಾದ ಕಾರಣ ಲಿಪಿಯದು. ಕನ್ನಡವನ್ನು ಬರೆಯುವ ಸಾಧನಗಳಾದ ಪುಣೆಯ ಶ್ರೀಲಿಪಿ, ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಎಲ್ಲವೂ ಬೇರೂರಿದುದು ವಿಂಡೋಸಿನ ನೆಲದಲ್ಲಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು, ಕಾಗುಣಿತ ಒತ್ತಕ್ಷರಗಳ ಲಿಪಿಯನ್ನು ಇಂಗ್ಲಿಷಿನ ಕೀಲಿಗಳ ಮೇಲೆ ತರ್ಕಬದ್ಧವಾಗಿ ಕೂರಿಸಿ, ಸಾವಿರಾರು ಬೆರಳುಗಳಿಗೆ ಅಭ್ಯಾಸವಾಗಿ ಹೋಯಿತು. ಅವರ ಆ ಉಪಕಾರವನ್ನು ಕನ್ನಡಿಗರು ಇನ್ನೂ ತಕ್ಕಷ್ಟು ಸ್ಮರಿಸಿಲ್ಲವೆಂದೇ ನನ್ನ ಭಾವನೆ. ಮ್ಯಾಕಿನಲ್ಲಿ ಕನ್ನಡ ಅನೇಕ ವರ್ಷ ತಡವಾಗಿ ಬಂದಿತು. ಬರುವಷ್ಟರಲ್ಲಿ ಅಂಗಡಿಗಳು ವಿಂಡೋಸಿನಲ್ಲಿ ನೆಲೆಗೊಂಡಿದ್ದುವು. ಆಮಂತ್ರಣಪತ್ರಿಕೆಗೂ ಫ್ಲೆಕ್ಸಿಗೂ ಕೋರೆಲ್‌ಡ್ರಾ, ಪುಸ್ತಕಕ್ಕೆ ಪೇಜ್‌ಮೇಕರ್ ಎಂಬ ವಿಭಾಗವೂ ಆಗಿಹೋಗಿತ್ತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮ್ಯಾಕಿಗಾಗಿ ಹುಟ್ಟಿ ಮ್ಯಾಕನ್ನು ಬಾಳಿಸಿದ ಪೇಜ್‌ಮೇಕರ್ ತನ್ನ ತವರಿನಲ್ಲಿ ಬಹು ಹಿಂದೆಯೇ ಮರೆಯಾಯಿತು, ಅದರ 7.0 ಎಂಬ ಕೊನೆಯ ಆವೃತ್ತಿ ಬಂದುದು 2001ರಲ್ಲಿ. ಕನ್ನಡದ ಅಕ್ಷರಜೋಡಣೆಯವರು ಮಾತ್ರ ಅದನ್ನು ಮತ್ತೆ ಎಷ್ಟೋ ವರ್ಷ ಹಿಡಿದುಕೊಂಡಿದ್ದರು, ಕೆಲವರು ಈಗಲೂ ಬಿಟ್ಟಿಲ್ಲ. ಇದನ್ನು ಆಲಸ್ಯವೆಂದೋ ಅಜ್ಞಾನವೆಂದೋ ಹಳಿಯುವವರು ಕಾರಣವನ್ನು ವಿಚಾರಿಸಿದವರಲ್ಲ. ನುಡಿ, ಶ್ರೀಲಿಪಿಗಳ ಹಳೆಯ ಅಕ್ಷರರೂಪಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಇಟ್ಟು ರಚಿಸಿದವು. ಪೇಜ್‌ಮೇಕರಿನ ಮಟ್ಟಿಗೆ ಅವು ಬರಿಯ ಇಂಗ್ಲಿಷ್ ಅಕ್ಷರಗಳಾದುದರಿಂದ ಒತ್ತುಗಳೂ ಅರ್ಕಾವತ್ತೂ ಇಟ್ಟಲ್ಲಿ ನಿಲ್ಲುತ್ತಿದ್ದುವು. ಹೊಸ ತಂತ್ರಾಂಶವಾದ ಇನ್‌ಡಿಸೈನ್ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸಲು ಕಲಿತದ್ದು ತಡವಾಗಿ. ಅಷ್ಟರೊಳಗೆ ಎರಡು ದಶಕಗಳ ಕನ್ನಡ ಪುಸ್ತಕಗಳು ಹಳೆಯ ಸಂಕೇತದಲ್ಲಿಯೇ ಸಿದ್ಧವಾಗಿದ್ದುವು. ಮರುಮುದ್ರಣಕ್ಕೆಂದು ಆ ಕಡತವನ್ನು ತೆರೆಯಬೇಕಾದರೆ ಅದೇ ಯಂತ್ರ, ಅದೇ ವಿಂಡೋಸ್, ಅದೇ ಅಕ್ಷರರೂಪ ಬೇಕು. ಬೇರೆಡೆಯಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇಂದಿನ ಲೇಖಕರು ಫೋನಿನಲ್ಲಿ ಯೂನಿಕೋಡಿನಿಂದ ಬರೆದು ಕಳುಹಿಸಿದುದನ್ನು ಅಕ್ಷರಜೋಡಣೆಯವರು ನುಡಿಗೆ ಪರಿವರ್ತಿಸುತ್ತಾರೆ. ಆ ಪರಿವರ್ತನೆಯಲ್ಲಿ ಒತ್ತಕ್ಷರವೊಂದು ಜಾರುತ್ತದೆ, ಉದ್ಧರಣ ಚಿಹ್ನೆ ಇನ್ನೇನೋ ಆಗುತ್ತದೆ, ಲೇಖಕರು ತಿದ್ದಿ ಕೊಟ್ಟಿದ್ದ ಕರಡನ್ನು ಮತ್ತೊಮ್ಮೆ ಮೊದಲಿನಿಂದ ತಿದ್ದಬೇಕಾಗುತ್ತದೆ. ಈ ಎರಡು ಪಟ್ಟು ಶ್ರಮ ಪುಸ್ತಕದ ಬೆಲೆಯಲ್ಲಿ ಕಾಣುವುದಿಲ್ಲ. ಕಡಮೆ ಸಂಬಳಕ್ಕೆ ದುಡಿಯುವ ಆ ಜನರ ಕಣ್ಣಿನಲ್ಲಿಯೂ ಬೆನ್ನಿನಲ್ಲಿಯೂ ಕಾಣುತ್ತದೆ. ಯಾವ ವೇದಿಕೆ ಯಾವ ವೃತ್ತಿಗೆ ಎಂಬ ಪ್ರಶ್ನೆ ನಮ್ಮ ಭಾಷೆಯ ಪಾಲಿಗೆ ಅಭಿರುಚಿಯ ಚರ್ಚೆಯಾಗಿ ಉಳಿದಿಲ್ಲ. ಮುದ್ರಿತ ಕನ್ನಡದ ದೊಡ್ಡ ಭಾಗವೊಂದು ಹುಡುಕಲು ಬಾರದ, ಬೇರೆ ಯಂತ್ರಕ್ಕೆ ಸಾಗಿಸಲು ಬಾರದ ಕಡತಗಳಲ್ಲಿ ಸೆರೆಯಾಗಿದೆ.

ಧ್ವನಿ ಮತ್ತು ಚಲಚ್ಚಿತ್ರದ ಕ್ಷೇತ್ರಕ್ಕೆ ಬಂದರೆ, ಅಲ್ಲಿ ಮೊದಲ ಒಲವನ್ನು ಗಳಿಸಿದುದು ಇಂದು ಬಹುಮಂದಿ ಹೆಸರನ್ನೂ ಕೇಳಿರದ ಅಟಾರಿ ಎಸ್‌ಟಿ. 1985ರಲ್ಲಿ ಬಂದ ಆ ಯಂತ್ರದ ಬೆನ್ನಿನಲ್ಲಿ ವಾದ್ಯಗಳನ್ನು ಜೋಡಿಸುವ ಮಿಡಿ ಸಂಪರ್ಕದ್ವಾರಗಳು ಹುಟ್ಟಿನಿಂದಲೇ ಇದ್ದುವು. ಸಂಗೀತಗಾರರಿಗೆ ಅಷ್ಟು ಸಾಕಾಯಿತು. ಮುಂದೆ 1991ರಲ್ಲಿ ಪ್ರೋಟೂಲ್ಸ್ ಎಂಬ ಧ್ವನಿಮುದ್ರಣದ ತಂತ್ರಾಂಶ ಮ್ಯಾಕಿಗೆ ಬಂದಿತು. 2002ರಲ್ಲಿ ಆಪಲ್ ಸಂಸ್ಥೆ ಲಾಜಿಕ್ ಎಂಬ ತಂತ್ರಾಂಶದ ಜರ್ಮನ್ ಒಡೆಯರನ್ನೇ ಕೊಂಡು ಅದರ ವಿಂಡೋಸ್ ಆವೃತ್ತಿಯನ್ನು ನಿಲ್ಲಿಸಿಬಿಟ್ಟಿತು. ಅದನ್ನು ನೆಚ್ಚಿಕೊಂಡಿದ್ದ ಸಂಗೀತಗಾರರ ಮುಂದೆ ತಂತ್ರಾಂಶವನ್ನು ಬಿಡುವುದು, ಯಂತ್ರವನ್ನು ಬಿಡುವುದು ಎಂಬ ಎರಡೇ ದಾರಿಗಳು ಉಳಿದುವು. ಸಂಕಲನಕಾರರ ವಿಷಯ ಇನ್ನೂ ಬೋಧಪ್ರದವಾದುದು. 1999ರಲ್ಲಿ ಬಂದ ಫೈನಲ್ ಕಟ್ ಪ್ರೋ, ವಾಲ್ಟರ್ ಮರ್ಚ್ ಅವರಂಥ ಹಿರಿಯ ಸಂಕಲನಕಾರರು 2003ರ ಕೋಲ್ಡ್ ಮೌಂಟನ್ ಚಿತ್ರವನ್ನು ಅದರಲ್ಲಿಯೇ ಸಂಕಲಿಸಿದ ಮೇಲೆ, ಮ್ಯಾಕ್ ಮತ್ತು ಸಂಕಲನಕಾರ ಅವಿನಾಭಾವಿಗಳೆಂಬ ನಂಬಿಕೆಯನ್ನು ಹುಟ್ಟಿಸಿತು. 2011ರಲ್ಲಿ ಅದನ್ನು ಆಮೂಲಾಗ್ರವಾಗಿ ಬದಲಿಸಿ ಹೊಸ ಆವೃತ್ತಿಯನ್ನು ತಂದಾಗ ಹಳೆಯ ಆವೃತ್ತಿಯ ಕಡತಗಳು ಅದರಲ್ಲಿ ತೆರೆಯಲಿಲ್ಲ. ವರ್ಷಗಟ್ಟಲೆ ಅದರಲ್ಲಿ ದುಡಿದಿದ್ದವರು ಸಿಟ್ಟಾಗಿ ಪ್ರೀಮಿಯರ್‌ಗೋ ಆವಿಡ್‌ಗೋ ಹೋದರು, ಆ ಎರಡೂ ವಿಂಡೋಸಿನಲ್ಲಿಯೂ ನಡೆಯುವುದರಿಂದ ಅನೇಕರು ಮ್ಯಾಕನ್ನೂ ಬಿಟ್ಟರು. ಪ್ರೀತಿ ಯಂತ್ರದ ಮೇಲೆ ಇದ್ದಿದ್ದರೆ ಅವರು ಹಾಗೆ ಎದ್ದುಹೋಗುತ್ತಿರಲಿಲ್ಲ.

ವಾಸ್ತುಶಿಲ್ಪಿಗಳದೂ ಎಂಜಿನಿಯರುಗಳದೂ ಸರಳವಾದ ಪ್ರಕರಣ: ನಕ್ಷೆ ಎಳೆಯುವ ಆಟೋಕ್ಯಾಡ್ 1982ರಲ್ಲಿ ಬಂದು ಐಬಿಎಂ ಮಾದರಿಯ ಯಂತ್ರಗಳಲ್ಲಿ ಬೆಳೆಯಿತು, ನಡುವೆ ಮ್ಯಾಕನ್ನು ಕೈಬಿಟ್ಟು 2010ರಲ್ಲಷ್ಟೇ ಅಲ್ಲಿಗೆ ಮರಳಿತು, ಕಟ್ಟಡಗಳಿಗೆ ರೆವಿಟ್, ಯಂತ್ರಭಾಗಗಳಿಗೆ ಸಾಲಿಡ್‌ವರ್ಕ್ಸ್ ವಿಂಡೋಸಿನಲ್ಲಿ ಮಾತ್ರ ನಡೆಯುವವು. ಐಫೋನಿನ ಆ್ಯಪ್ ಬರೆಯುವವರಿಗೆ ಎಕ್ಸ್‌ಕೋಡ್ ಬೇಕು, ಎಕ್ಸ್‌ಕೋಡಿಗೆ ಮ್ಯಾಕ್ ಬೇಕು. ಅಲ್ಲಿಯೂ ಆಯ್ಕೆಯ ಪ್ರಶ್ನೆ ಏಳುವುದಿಲ್ಲ.

ವಿಜ್ಞಾನಿಗಳ ಚರಿತ್ರೆ ಬೇರೆ ಬಗೆಯದು, ಏಕೆಂದರೆ ಅವರು ತಮ್ಮ ತಂತ್ರಾಂಶವನ್ನು ಬಹುಮಟ್ಟಿಗೆ ತಾವೇ ಬರೆದುಕೊಳ್ಳುವವರು. ವಿಶ್ವವಿದ್ಯಾಲಯಗಳಲ್ಲಿ ಯೂನಿಕ್ಸ್ ವ್ಯವಸ್ಥೆಯ ಮೇಲೆ ದಶಕಗಳ ಕಾಲ ಬರೆದುಕೊಂಡು ಬಂದ ಕಾರ್ಯಕ್ರಮಗಳೇ ಅವರ ಆಸ್ತಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಆ ಆಸ್ತಿಯನ್ನು ಅಗ್ಗದ ಯಂತ್ರಗಳಲ್ಲಿಯೂ ನಡೆಸುವ ಅನುಕೂಲವನ್ನು, ಅದೂ ಹಣವಿಲ್ಲದೆ, ಒಳಗಿನ ಸಂಕೇತವನ್ನು ನೋಡಿ ತಿದ್ದುವ ಹಕ್ಕಿನೊಡನೆ ಕೊಟ್ಟಿತು. 2017ರ ನವೆಂಬರ್ ಹೊತ್ತಿಗೆ ಲೋಕದ ಅತಿವೇಗದ 500 ಗಣಕಗಳ ಪಟ್ಟಿಯಲ್ಲಿ ಲಿನಕ್ಸ್ ಅಲ್ಲದ ಒಂದು ಯಂತ್ರವೂ ಉಳಿದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ ಪರಮ್ ಪ್ರವೇಗವೂ ಅದೇ ಕುಲದ್ದು. ಆದರೂ ಖಗೋಳವಿಜ್ಞಾನಿಗಳ ಸಮ್ಮೇಳನದಲ್ಲಿ ಕೈಯಲ್ಲಿ ಹಿಡಿದು ಬರುವ ಯಂತ್ರಗಳನ್ನು ನೋಡಿದರೆ ಅಲ್ಲಿ ಮ್ಯಾಕ್ ಸಹ ಧಾರಾಳವಾಗಿ ಕಾಣುತ್ತದೆ. ಅದರ ಕಾರಣವೂ ಯೂನಿಕ್ಸೇ: 2001ರಲ್ಲಿ ಆಪಲ್ ತನ್ನ ವ್ಯವಸ್ಥೆಯನ್ನು ಯೂನಿಕ್ಸಿನ ತಳಹದಿಯ ಮೇಲೆ ಹೊಸದಾಗಿ ಕಟ್ಟಿದ ಮೇಲೆ, ಹಳೆಯ ಕಾರ್ಯಕ್ರಮಗಳನ್ನು ನಡೆಸುತ್ತಲೇ ಉಪನ್ಯಾಸದ ಚಿತ್ರಗಳನ್ನೂ ತೋರಿಸಬಲ್ಲ ಹೆಗಲಚೀಲದ ಯಂತ್ರವೊಂದು ಅವರಿಗೆ ದೊರೆತಂತಾಯಿತು.

ವೈದ್ಯರಲ್ಲಿ ಕ್ಷಕಿರಣ ತಜ್ಞರ ಒಂದು ಉದಾಹರಣೆ ನನಗೆ ಬಹಳ ಮೆಚ್ಚಿಕೆಯಾದುದು. ಆಸ್ಪತ್ರೆಗಳ ದಾಖಲೆಗಳು ಬಹುತೇಕ ಎಲ್ಲೆಡೆ ವಿಂಡೋಸಿನಲ್ಲಿರುವಾಗ, ಜಿನೀವಾದ ಆಂಟ್ವಾನ್ ರೊಸ್ಸೆ ಎಂಬ ವೈದ್ಯರು ತಮ್ಮ ಸಹೋದ್ಯೋಗಿ ಒಸ್ಮಾನ್ ರತೀಬ್ ಅವರೊಡನೆ, ಸಿಟಿ ಮತ್ತು ಎಂಆರ್‌ಐ ಚಿತ್ರಗಳನ್ನು ಮೂರು ಆಯಾಮಗಳಲ್ಲಿ ತಿರುಗಿಸಿ ನೋಡುವ ಓಸಿರಿಕ್ಸ್ ಎಂಬ ತಂತ್ರಾಂಶವನ್ನು ಬರೆದು 2004ರ ಸುಮಾರಿಗೆ ಉಚಿತವಾಗಿ ಹಂಚಿದರು. ಲಕ್ಷಾಂತರ ರೂಪಾಯಿ ಬೆಲೆಯ ವಿಶೇಷ ಯಂತ್ರಗಳು ಮಾಡುತ್ತಿದ್ದ ಕೆಲಸವನ್ನು ಅದು ಮಾಡಿತು. ಅದು ಮ್ಯಾಕಿನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ, ಬೇರೆ ಯಾವ ಕಾರಣಕ್ಕೂ ಆಪಲ್ ಅಂಗಡಿಯ ಮೆಟ್ಟಿಲು ತುಳಿಯದಿದ್ದ ಕ್ಷಕಿರಣ ತಜ್ಞರು ಅನೇಕರು ಮ್ಯಾಕನ್ನು ಕೊಂಡರು. ಒಬ್ಬ ವೈದ್ಯ ತನ್ನ ಅಗತ್ಯಕ್ಕಾಗಿ ಬರೆದ ಒಂದು ತಂತ್ರಾಂಶ ಎಷ್ಟೋ ದೇಶಗಳಲ್ಲಿ ಒಂದು ಉಪವೃತ್ತಿಯ ಮೇಜನ್ನು ಬದಲಾಯಿಸಿತು.

ಟ್ಯಾಬ್ಲೆಟ್‌ಗಳ ವಿಷಯಕ್ಕೆ ಬರುವ ಮೊದಲು ಅವುಗಳ ಪೂರ್ವಜನೆನ್ನಬಹುದಾದ ಒಂದು ಯಂತ್ರವನ್ನು ನೆನೆಯಬೇಕು. 1983ರಲ್ಲಿ ಅಮೆರಿಕದ ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ ಬಂದ ಮಾಡೆಲ್ 100 ಎಂಬ ಪುಟ್ಟ ಗಣಕಕ್ಕೆ ಎಂಟು ಸಾಲುಗಳ ಪರದೆ, ನಾಲ್ಕು ಸಾಮಾನ್ಯ ಬ್ಯಾಟರಿ, ಒಳಗೇ ಒಂದು ಮೋಡೆಮ್. ಅದನ್ನು ಪತ್ರಿಕಾ ವರದಿಗಾರರು ಎದೆಗಪ್ಪಿಕೊಂಡರು; ಕ್ರೀಡಾಂಗಣದಿಂದಲೋ ನೆರೆಯ ಸ್ಥಳದಿಂದಲೋ ದೂರವಾಣಿ ತಂತಿಯ ಮೂಲಕ ಸುದ್ದಿಯನ್ನು ನೇರವಾಗಿ ಪತ್ರಿಕಾಲಯಕ್ಕೆ ಕಳುಹಿಸುವುದೊಂದೇ ಅವರಿಗೆ ಬೇಕಾಗಿದ್ದುದು. ಹೊರಗೆ ತಿರುಗಿ ಮಾಡುವ ಕೆಲಸಗಳಲ್ಲಿ ತೂಕ, ಬ್ಯಾಟರಿ, ಸಂಪರ್ಕ ಈ ಮೂರೇ ಯಂತ್ರವನ್ನು ನಿರ್ಣಯಿಸುತ್ತವೆಂಬುದು ಆಗಲೇ ಕಂಡುಬಂದಿತ್ತು.

2010ರಲ್ಲಿ ಐಪ್ಯಾಡ್ ಬಂದಾಗ ಅದನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡ ವೃತ್ತಿಗಳಲ್ಲಿ ವಿಮಾನಚಾಲಕರದು ಮುಖ್ಯವಾದುದು. ಮಾರ್ಗಗಳ ನಕ್ಷೆಗಳೂ ಕೈಪಿಡಿಗಳೂ ತುಂಬಿದ ಅವರ ಚೀಲ ಸುಮಾರು 16 ಕಿಲೋ ತೂಗುತ್ತಿತ್ತು. ಆ ನಕ್ಷೆಗಳನ್ನು ಒದಗಿಸುತ್ತಿದ್ದ ಜೆಪ್ಪೆಸನ್ ಸಂಸ್ಥೆ ಅವನ್ನು ಐಪ್ಯಾಡಿಗೆ ಇಳಿಸಿತು. ತಿಂಗಳುಗಟ್ಟಲೆ ಪರೀಕ್ಷೆ ನಡೆದು, 2011ರ ಡಿಸೆಂಬರಿನಲ್ಲಿ ಅಮೆರಿಕನ್ ಏರ್‌ಲೈನ್ಸಿನ ಚಾಲಕರಿಗೆ ಹಾರಾಟದ ಎಲ್ಲ ಹಂತಗಳಲ್ಲಿಯೂ ಅದನ್ನು ಬಳಸುವ ಅನುಮತಿ ದೊರೆಯಿತು. ಡೆಲ್ಟಾ ಏರ್‌ಲೈನ್ಸ್ 2013ರಲ್ಲಿ ಮೈಕ್ರೋಸಾಫ್ಟಿನ ಸರ್ಫೇಸನ್ನು ಆರಿಸಿಕೊಂಡು, ಕೆಲವು ವರ್ಷಗಳ ತರುವಾಯ ತಾನೂ ಐಪ್ಯಾಡಿಗೆ ಬಂದಿತು. ಚಿತ್ರಕಾರರಲ್ಲಿ ಡೇವಿಡ್ ಹಾಕ್ನಿಯಂಥ ಹಿರಿಯ ಕಲಾವಿದರು ಐಪ್ಯಾಡ್ ಬಂದ ಹೊಸತರಲ್ಲಿಯೇ ಯಾರ್ಕ್‌ಶೈರಿನ ವಸಂತವನ್ನು ಅದರ ಮೇಲೆ ಬರೆದರು. 2011ರಲ್ಲಿ ಟಾಸ್ಮೇನಿಯಾದ ಸಣ್ಣ ಸಂಸ್ಥೆಯೊಂದು ಐಪ್ಯಾಡಿಗೆ ತಂದ ಪ್ರೋಕ್ರಿಯೇಟ್ ಎಂಬ ಚಿತ್ರ ಬರೆಯುವ ತಂತ್ರಾಂಶ ಆಂಡ್ರಾಯ್ಡಿಗೂ ವಿಂಡೋಸಿಗೂ ಇಂದಿನವರೆಗೆ ಬಂದಿಲ್ಲ. ಪುಸ್ತಕಗಳಿಗೆ ಚಿತ್ರ ಬರೆಯುವ ಯುವಜನರ ಕೈಯಲ್ಲಿ ಐಪ್ಯಾಡ್ ಏಕೆ ಕಾಣುತ್ತದೆಂಬುದಕ್ಕೆ ಇಷ್ಟು ಹೇಳಿದರೆ ಸಾಕು.

ಇವರಿಗೆಲ್ಲ ಯಂತ್ರವನ್ನು ತಾವೇ ಆರಿಸಿಕೊಳ್ಳುವ, ಇಲ್ಲವೇ ಆರಿಸುವವರ ಕಿವಿಗೆ ತಮ್ಮ ಮಾತನ್ನು ಮುಟ್ಟಿಸುವ ಅವಕಾಶವಿತ್ತು. ಹಳ್ಳಿಗಳಲ್ಲಿ ತಾಯಿ ಮಕ್ಕಳ ಆರೋಗ್ಯವನ್ನು ನೋಡಿಕೊಳ್ಳುವ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರ ಕೈಗೆ ಆಂಡ್ರಾಯ್ಡ್ ಟ್ಯಾಬ್ಲೆಟ್ ಬಂದುದು ಬೇರೆ ರೀತಿಯಲ್ಲಿ. ಗರ್ಭಿಣಿಯರ ನೋಂದಣಿ, ಚುಚ್ಚುಮದ್ದು, ಹೆರಿಗೆಗಳ ವಿವರವನ್ನು ಮನೆಬಾಗಿಲಲ್ಲಿಯೇ ದಾಖಲಿಸುವುದಕ್ಕೆಂದು 2016ರಲ್ಲಿ ಕೇಂದ್ರ ಸರ್ಕಾರವು ಅನ್‌ಮೋಲ್ ಎಂಬ ಆ್ಯಪನ್ನು ಆರಂಭಿಸಿತು. ಆಂಡ್ರಾಯ್ಡನ್ನು ಆರಿಸಿದುದು ಯುಕ್ತವೇ. ಲಕ್ಷಗಟ್ಟಲೆ ಕೊಳ್ಳಬೇಕಾದಾಗ ಅಗ್ಗವಾಗಿಯೂ ಹಲವು ತಯಾರಕರಿಂದಲೂ ದೊರೆಯುವ ವೇದಿಕೆ ಬೇರೆ ಇಲ್ಲ, ಸಂಪರ್ಕವಿಲ್ಲದ ಊರಿನಲ್ಲಿ ಬರೆದಿಟ್ಟುಕೊಂಡು ಆಮೇಲೆ ಕಳುಹಿಸುವ ಅನುಕೂಲವನ್ನೂ ಅದಕ್ಕೆ ಅಳವಡಿಸಲಾಗಿತ್ತು. ಆದರೆ ಅಗ್ಗದ ಟ್ಯಾಬ್ಲೆಟ್ಟು ಎರಡು ಮೂರು ವರ್ಷಗಳಲ್ಲಿ ನಿಧಾನವಾಗುತ್ತದೆ, ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಬ್ಯಾಟರಿ ಸಂಜೆಯವರೆಗೆ ನಿಲ್ಲುವುದಿಲ್ಲ. ಹೀಗಾಗಿ ಎಷ್ಟೋ ಕಡೆ ಆ ಹೆಣ್ಣುಮಗಳು ಮೊದಲು ದಪ್ಪ ರಿಜಿಸ್ಟರಿನಲ್ಲಿ ಬರೆದು, ಮನೆಗೆ ಬಂದ ಮೇಲೆ ಅದನ್ನೇ ಟ್ಯಾಬ್ಲೆಟ್ಟಿಗೆ ತುಂಬುತ್ತಾಳೆ. ವಿಮಾನಚಾಲಕನಿಗೆ ಟ್ಯಾಬ್ಲೆಟ್ ಕೊಟ್ಟ ದಿನ ಅವನ ಚೀಲದ ಕಾಗದವನ್ನು ಹೊರತೆಗೆದರು; ಇವಳ ಕಾಗದವನ್ನು ಅವಳ ಬಳಿಯೇ ಉಳಿಸಿ ಮೇಲೆ ಟ್ಯಾಬ್ಲೆಟ್ಟನ್ನೂ ಹೊರಿಸಲಾಗಿದೆ. ಮುಂದಿನ ಖರೀದಿಯ ಟೆಂಡರು ಬರೆಯುವ ಅಧಿಕಾರಿಗಳು, ಯಂತ್ರದ ಮಾದರಿಯನ್ನು ನಿರ್ಧರಿಸುವ ಮೊದಲು, ಒಂದು ತಾಲ್ಲೂಕಿನ ಹತ್ತು ಮಂದಿ ಸಹಾಯಕಿಯರಿಗೆ ಅದನ್ನು ಮೂರು ತಿಂಗಳು ಕೊಟ್ಟು ಬೇಸಿಗೆಯಲ್ಲಿ ಊರೂರು ತಿರುಗಿಸಿ ನೋಡಲಿ, ಅವರು ಬೇಡವೆಂದ ಮಾದರಿಯನ್ನು ಬಿಡಲಿ, ಒಪ್ಪಿದ ಮಾದರಿ ಬಂದ ದಿನದಿಂದ ರಿಜಿಸ್ಟರನ್ನು ನಿಲ್ಲಿಸುವ ಆದೇಶವನ್ನೂ ಅದರ ಜೊತೆಯಲ್ಲಿಯೇ ಹೊರಡಿಸಲಿ.